ಆರಡಿ ಮೂರಡಿಯ ದೇಶ

“ನೀನು ಮೊದಲು ಮುಸಲ್ಮಾನನೋ, ಮೊದಲು ಭಾರತೀಯನೋ?”

ಊರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತಿದ್ದಾಗ ನನ್ನ ಗೆಳೆಯನಿಗೆ ಒಬ್ಬರು ಹೀಗೆ ಕೇಳಿದರು. ಕೇಳಿದವರು ಓದಿಕೊಂಡವರು, ಕೆಟ್ಟವರೇನಲ್ಲ. ನಗುನಗುತ್ತಲೇ ಕೇಳಿದರು. ನನ್ನ ಗೆಳೆಯ ಪಂಚರ್ ಅಂಗಡಿ ಇಟ್ಟವನು, ಪಿಯುಸಿಗೇ ಓದು ಬಿಟ್ಟವನು. ಲೋಟ ಕೆಳಗಿಟ್ಟು, “ಮೊದಲು ಪಂಚರ್ ಹಾಕೋನು ಸಾರ್, ಮಿಕ್ಕಿದ್ದೆಲ್ಲ ಆಮೇಲೆ” ಅಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ವಾಪಸು ಬರುವಾಗ ದಾರಿಯಲ್ಲಿ ಹೇಳಿದ: “ನೋಡ್ಲಾ, ನಿನ್ನನ್ನ ಯಾರೂ ಹಿಂಗೆ ಕೇಳಲ್ಲ. ನಿನ್ನನ್ನ ಕೇಳೋದು ಒಂದೇ, ‘ನೀವು ಯಾವ ಪೈಕಿ?’ ಅಂತ. ನಾನು ದೇಶದ ಲೆಕ್ಕ ಕೊಡಬೇಕು, ನೀನು ಊರಿನ ಲೆಕ್ಕ ಕೊಡಬೇಕು. ಇಬ್ಬರೂ ಲೆಕ್ಕ ಕೊಡೋರೇ.”

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಈ ಪ್ರಶ್ನೆಯನ್ನು ಒಬ್ಬ ಮನುಷ್ಯನಿಗಲ್ಲ, ಒಂದು ಇಡೀ ಜನಸಮೂಹಕ್ಕೆ ಇಪ್ಪತ್ತನಾಲ್ಕು ವರ್ಷದೊಳಗೆ ಎರಡು ಸಲ ಕೇಳಲಾಗಿದೆ. ಪೂರ್ವ ಬಂಗಾಳದ ಜನಕ್ಕೆ. 1947ರಲ್ಲಿ “ನೀವು ಮೊದಲು ಏನು?” ಅಂದಾಗ ಬಂದ ಉತ್ತರ “ಮುಸಲ್ಮಾನರು.” ಪಾಕಿಸ್ತಾನ ಆಯಿತು. 1971ರಲ್ಲಿ ಅದೇ ಪ್ರಶ್ನೆಗೆ ಬಂದ ಉತ್ತರ “ಬಂಗಾಳಿಗಳು.” ಬಾಂಗ್ಲಾದೇಶ ಆಯಿತು. ಅದೇ ಜನ, ಅದೇ ಗದ್ದೆ, ಅದೇ ನಮಾಜು. ಉತ್ತರ ಮಾತ್ರ ಬೇರೆ. ಎರಡು ಸಲವೂ ಉತ್ತರ ಕೊಟ್ಟದ್ದಕ್ಕೆ ಲಕ್ಷಾಂತರ ಜನ ಪ್ರಾಣ ತೆತ್ತರು.

ನಾನು ಆ ದೇಶದ ಚರಿತ್ರೆ ಓದಲು ಶುರುಮಾಡಿದ್ದು ಒಬ್ಬ ಮನುಷ್ಯನ ಬೆನ್ನು ಹತ್ತಿ. ಜೋಗೇಂದ್ರನಾಥ ಮಂಡಲ್. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರು ನನಗೆ ಸಿಗಲಿಲ್ಲ. 1904ರಲ್ಲಿ ಬಾರಿಸಾಲ್ ಜಿಲ್ಲೆಯ ನಮಶೂದ್ರರ ಮನೆಯಲ್ಲಿ ಹುಟ್ಟಿದವರು. ನಮಶೂದ್ರರೆಂದರೆ ಬಂಗಾಳದ ಕೆಸರುಗದ್ದೆಗಳಲ್ಲಿ ದುಡಿದ, ಮೀನು ಹಿಡಿದ, ದೋಣಿ ನಡೆಸಿದ ಅಸ್ಪೃಶ್ಯ ಜನ. 1946ರಲ್ಲಿ ಬಾಬಾಸಾಹೇಬರಿಗೆ ಸಂವಿಧಾನ ಸಭೆಗೆ ಬೊಂಬಾಯಿಯಿಂದ ಬಾಗಿಲು ಮುಚ್ಚಿದಾಗ, ಬಂಗಾಳದಿಂದ ಆರಿಸಿ ಕಳಿಸಲು ಓಡಾಡಿದವರು ಈ ಮಂಡಲ್ ಮತ್ತು ಅವರ ಸಂಗಡಿಗರು. ಇದನ್ನು ಮೊದಲು ಓದಿದಾಗ ಮೈ ಜುಂ ಅಂತು. ಅಂಬೇಡ್ಕರ್ ಆ ಸಭೆಯೊಳಗೆ ಮೊದಲು ಕಾಲಿಟ್ಟದ್ದು ಬಂಗಾಳದ ದಲಿತರ ಹೆಗಲ ಮೇಲೆ!

ಮಂಡಲ್ ಮುಸ್ಲಿಂ ಲೀಗಿನ ಜತೆ ನಿಂತರು. ಯಾಕೆ ನಿಂತರು? ಅವರ ಕಣ್ಣಿಗೆ ಪೂರ್ವ ಬಂಗಾಳದ ಮುಸಲ್ಮಾನ ರೈತ ಮತ್ತು ನಮಶೂದ್ರ ರೈತ ಒಂದೇ ಹೊಲದಲ್ಲಿ ಬಗ್ಗಿದವರು. ಇಬ್ಬರ ಬೆನ್ನ ಮೇಲೂ ಕೂತಿದ್ದ ಜಮೀನ್ದಾರ ಬಹಳ ಕಡೆ ಮೇಲ್ಜಾತಿಯ ಹಿಂದೂ. ಲೆಕ್ಕ ಸರಿಯಾಗಿಯೇ ಇತ್ತು. 1947ರ ಆಗಸ್ಟ್ 10ರಂದು ಕರಾಚಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ ಮೊದಲ ಸಲ ಸೇರಿದಾಗ ಹಂಗಾಮಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ಮಂಡಲ್. ಮಾರನೆಯ ದಿನ ಅದೇ ಸಭೆಯಲ್ಲಿ ಜಿನ್ನಾ, ನೀವು ಯಾವ ಧರ್ಮದವರಾದರೂ ಸರಿ, ಅದಕ್ಕೂ ರಾಜ್ಯದ ವ್ಯವಹಾರಕ್ಕೂ ಸಂಬಂಧವಿಲ್ಲ ಎಂಬರ್ಥದ ಭಾಷಣ ಮಾಡಿದರು. ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. ಇತ್ತ ದೆಹಲಿಯಲ್ಲಿ ಮೊದಲ ಕಾನೂನು ಮಂತ್ರಿ ಅಂಬೇಡ್ಕರ್. ಎರಡು ಹೊಸ ದೇಶ, ಎರಡರ ಕಾನೂನಿನ ಕುರ್ಚಿಯಲ್ಲೂ ದಲಿತರು. ಯೋಚನೆ ಮಾಡಿ ಗೆಳೆಯರೆ, ಏನು ದಿನಗಳು ಅವು!

ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಬಾಬಾಸಾಹೇಬರು ನೆಹರೂ ಅವರಿಗೆ ಒಂದು ಕಾಗದ ಬರೆಯಬೇಕಾಯಿತು. ಪಾಕಿಸ್ತಾನದಲ್ಲಿದ್ದ ಅಸ್ಪೃಶ್ಯರನ್ನು ಈ ಕಡೆ ಬರಲು ಬಿಡುತ್ತಿಲ್ಲ ಎಂದು. ಅಲ್ಲಿನ ಸರ್ಕಾರ ಜಾಡಮಾಲಿಗಳ ಕೆಲಸವನ್ನು ಅತ್ಯಗತ್ಯ ಸೇವೆ ಅಂತ ಘೋಷಿಸಿ ತಡೆದಿತ್ತು. ಮೇಲ್ಜಾತಿಯವರು ಹೋಗಬಹುದು, ಆದರೆ ಪೊರಕೆ ಹಿಡಿದವರು ಹೋದರೆ ಕಕ್ಕಸು ಬಳಿಯೋರು ಯಾರು? ಧರ್ಮದ ಹೆಸರಿನಲ್ಲಿ ದೇಶ ಒಡೆದರು, ಪೊರಕೆಯನ್ನು ಮಾತ್ರ ಯಾರೂ ಒಡೆಯಲಿಲ್ಲ.

1949ರಲ್ಲಿ ಪಾಕಿಸ್ತಾನದ ಸಭೆ ಧ್ಯೇಯ ನಿರ್ಣಯ ಪಾಸು ಮಾಡಿ ರಾಜ್ಯವನ್ನು ಧರ್ಮಕ್ಕೆ ಕಟ್ಟಿತು. 1950ರಲ್ಲಿ ಪೂರ್ವ ಬಂಗಾಳದಲ್ಲಿ ಹತ್ಯಾಕಾಂಡಗಳಾದವು. ಮಂಡಲರ ಸ್ವಂತ ಬಾರಿಸಾಲಿನಲ್ಲೂ ಆದವು. ಸತ್ತವರಲ್ಲಿ ನಮಶೂದ್ರರು ಬಹಳ. 1950ರ ಅಕ್ಟೋಬರ್ 8ರಂದು ಮಂಡಲ್ ಕಲ್ಕತ್ತೆಯಿಂದ ರಾಜೀನಾಮೆ ಬರೆದರು. ಮರುವರ್ಷ ಸೆಪ್ಟೆಂಬರಿನಲ್ಲಿ ಹಿಂದೂ ಕೋಡ್ ಬಿಲ್ಲಿನ ವಿಚಾರವಾಗಿ ದೆಹಲಿಯಲ್ಲಿ ಅಂಬೇಡ್ಕರ್ ರಾಜೀನಾಮೆ ಕೊಟ್ಟರು. ಒಂದೇ ವರ್ಷದ ಅಂತರದಲ್ಲಿ ಎರಡೂ ಕುರ್ಚಿ ಖಾಲಿ. ಮಂಡಲರನ್ನು ಕಲ್ಕತ್ತೆಯ ಭದ್ರಲೋಕ “ಜೋಗೇನ್ ಅಲಿ ಮುಲ್ಲಾ” ಅಂತ ಗೇಲಿ ಮಾಡಿತು. ಅಲ್ಲಿ ಹಿಂದೂ, ಇಲ್ಲಿ ಮುಲ್ಲಾ! 1968ರಲ್ಲಿ ಸಾಯುವತನಕ ಯಾವ ಚುನಾವಣೆಯೂ ಅವರ ಕೈ ಹಿಡಿಯಲಿಲ್ಲ.

ಇಷ್ಟಕ್ಕೇ ನಿಲ್ಲಿಸಿ “ನೋಡಿ, ಇಸ್ಲಾಮಿನ ದೇಶ ಅಂದರೆ ಇಷ್ಟೇ” ಅನ್ನುವವರಿದ್ದಾರೆ. ಮಂಡಲರ ರಾಜೀನಾಮೆ ಪತ್ರವನ್ನು ನಮ್ಮ ಮುಂದೆ ಹಿಡಿದು, ಅಂಬೇಡ್ಕರರ ರಾಜೀನಾಮೆಯನ್ನು ಬೆನ್ನ ಹಿಂದೆ ಬಚ್ಚಿಡುವವರು ಅವರು. ಅವರಿಗೆ ಮುಂದಿನ ಕತೆ ಗೊತ್ತಿಲ್ಲ, ಇಲ್ಲವೇ ಬೇಕಾಗಿಲ್ಲ.

ಮುಂದಿನ ಕತೆಯಲ್ಲಿ ಪಾಕಿಸ್ತಾನವನ್ನು ಕೇಳಿ ಪಡೆದ ಮುಸಲ್ಮಾನರೇ ಅದಕ್ಕೆ ತಿರುಗಿಬಿದ್ದರು. 1948ರ ಫೆಬ್ರವರಿಯಲ್ಲಿ ಧೀರೇಂದ್ರನಾಥ ದತ್ತ ಎಂಬ ಸದಸ್ಯರು ಕರಾಚಿಯ ಸಭೆಯಲ್ಲಿ ಬಂಗಾಳಿಗೂ ಜಾಗ ಕೊಡಿ ಎಂದರು. ಇಡೀ ಪಾಕಿಸ್ತಾನದ ಅರ್ಧಕ್ಕಿಂತ ಹೆಚ್ಚು ಜನರ ಮಾತು ಅದು. ಆಗಲ್ಲ ಅಂದರು. ಮಾರ್ಚ್ 21ರಂದು ಢಾಕಾದಲ್ಲಿ ಜಿನ್ನಾ, ಉರ್ದುವೊಂದೇ ರಾಜ್ಯಭಾಷೆ ಎಂದು ಸಾರಿದರು. ಇಲ್ಲೊಂದು ಜಾತಿಯ ಗಂಟು ಇದೆ, ನಮ್ಮವರು ಗಮನಿಸಬೇಕು. ಬಂಗಾಳದ ಮುಸಲ್ಮಾನರಲ್ಲಿ ‘ಅಶ್ರಫ್’ ಎನಿಸಿಕೊಂಡವರು ತಾವು ಅರಬಸ್ತಾನದಿಂದಲೋ ಪರ್ಶಿಯಾದಿಂದಲೋ ಬಂದವರೆಂದು ಹೇಳಿಕೊಂಡು ಉರ್ದು ಆಡುವರು. ಉತ್ತು ಬಿತ್ತು ತಿನ್ನುವ ‘ಆತ್ರಾಫ್’ ಬಂಗಾಳಿ ಆಡುವನು. ಬಂಗಾಳಿ ಎಂದರೆ ಅಶ್ರಫರ ಕಿವಿಗೆ ಕೆಸರುಗಾಲಿನವರ ಭಾಷೆ. ಹಾಗಾಗಿ ಅದು ಬರೀ ಭಾಷೆಯ ಜಗಳವಲ್ಲ, ಕೆಳಗಿದ್ದವನು ತಲೆ ಎತ್ತಿದ ಜಗಳ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಪೋಲೀಸರು ಗುಂಡು ಹಾರಿಸಿದರು. ಬರ್ಕತ್, ಸಲಾಂ, ರಫೀಕ್, ಜಬ್ಬಾರ್: ಹೆಸರು ನೋಡಿ, ಮುಸಲ್ಮಾನ ಹುಡುಗರು. ಅಮ್ಮನ ಮಾತಿಗಾಗಿ ಸತ್ತರು. ಧೀರೇಂದ್ರನಾಥ ದತ್ತರನ್ನು 1971ರ ಮಾರ್ಚಿನಲ್ಲಿ ಪಾಕಿಸ್ತಾನಿ ಸೈನ್ಯ ಮನೆಯಿಂದ ಎಳೆದೊಯ್ದು ಕೊಂದಿತು.

ಆ ಚಳವಳಿಯಲ್ಲಿ ನನಗೆ ಬಹಳ ಹಿಡಿಸಿದವರು ಮೌಲಾನಾ ಭಾಷಾನಿ. ಗಡ್ಡ, ಟೋಪಿ, ಲುಂಗಿ; ಐದು ಹೊತ್ತು ನಮಾಜು; ಬೆನ್ನ ಹಿಂದೆ ಸಾವಿರ ಸಾವಿರ ರೈತರು. ಜನ ‘ಕೆಂಪು ಮೌಲಾನಾ’ ಅಂತಿದ್ದರು. 1949ರಲ್ಲಿ ಅವಾಮಿ ಮುಸ್ಲಿಂ ಲೀಗ್ ಕಟ್ಟಿದಾಗ ಅದರ ಅಧ್ಯಕ್ಷರು ಇವರೇ. 1955ರಲ್ಲಿ ಆ ಪಕ್ಷ ತನ್ನ ಹೆಸರಿನಿಂದ ‘ಮುಸ್ಲಿಂ’ ಪದ ತೆಗೆದುಹಾಕಿದಾಗಲೂ ಇವರೇ. 1957ರಲ್ಲಿ ಕಾಗ್‌ಮಾರಿಯ ಸಮಾವೇಶದಲ್ಲಿ, ಶೋಷಣೆ ಹೀಗೇ ನಡೆದರೆ ನಾವು ಪಶ್ಚಿಮ ಪಾಕಿಸ್ತಾನಕ್ಕೆ ‘ಅಸ್ಸಲಾಮು ಅಲೈಕುಂ’ ಹೇಳಿಬಿಡುತ್ತೇವೆ ಅಂದರು. ಬರುವಾಗ ಹೇಳುವ ಸಲಾಮನ್ನೇ ಹೋಗುವಾಗಲೂ ಹೇಳುತ್ತಾರಲ್ಲ, ಆ ಸಲಾಂ! ದೇಶ ಬಿಟ್ಟುಹೋಗುವ ಮಾತನ್ನೂ ಧರ್ಮದ ನುಡಿಯಲ್ಲೇ ಆಡಿದ ಮನುಷ್ಯ. ಧರ್ಮನಿರಪೇಕ್ಷತೆ ಅಂದರೆ ದೊಡ್ಡ ಓದು ಓದಿದ ನಾಸ್ತಿಕರ ಸೊತ್ತು ಅಂತ ತಿಳಿದವರು ಈ ಮೌಲಾನಾನನ್ನು ನೋಡಬೇಕು. ಬಂಗಾಳದ ರೈತ 1971ರಲ್ಲಿ ಇಸ್ಲಾಂ ಬಿಡಲಿಲ್ಲ. ಇಸ್ಲಾಮಿನ ಹೆಸರಿನಲ್ಲಿ ತನ್ನ ಮೇಲೆ ಸವಾರಿ ಮಾಡಿದವರನ್ನು ಬಿಟ್ಟ.

ಆ ದೇಶ ರಾಷ್ಟ್ರಕವಿ ಎಂದು ಕರೆದದ್ದು ಕಾಜಿ ನಜ್ರುಲ್ ಇಸ್ಲಾಮರನ್ನು. 1922ರಲ್ಲಿ ಬಂದ ಅವರ ಕವಿತೆಯ ಹೆಸರು ‘ಬಿದ್ರೋಹಿ’. ನಮ್ಮ ಮಾತಿನಲ್ಲಿ ಬಂಡಾಯಗಾರ. ಅಲ್ಲಾಹನ ಮೇಲೂ ಹಾಡು ಕಟ್ಟಿದರು, ಕಾಳಿಯ ಮೇಲೂ ಕಟ್ಟಿದರು. ಎರಡೂ ಕಡೆಯವರಿಂದ ಬೈಸಿಕೊಂಡರು. ಬಂಡಾಯದವನಿಗೆ ಬೇರೆ ಬಿರುದು ಯಾಕೆ ಬೇಕು?

1972ರ ಸಂವಿಧಾನದಲ್ಲಿ ನಾಲ್ಕು ಕಂಬ ನಿಲ್ಲಿಸಿದರು: ರಾಷ್ಟ್ರೀಯತೆ, ಸಮಾಜವಾದ, ಪ್ರಜಾಪ್ರಭುತ್ವ, ಧರ್ಮನಿರಪೇಕ್ಷತೆ. ಬಹುಪಾಲು ಮುಸಲ್ಮಾನರೇ ಇರುವ ಒಂದು ಬಡದೇಶ ರಾಜ್ಯಕ್ಕೆ ಧರ್ಮ ಬೇಡ ಎಂದು ಬರೆದುಕೊಂಡಿತು. ಭಾರತದ ಸಂವಿಧಾನದ ಪೀಠಿಕೆಗೆ ‘ಸೆಕ್ಯುಲರ್’ ಪದ ಬಂದದ್ದು 1976ರಲ್ಲಿ. ಅವರು ನಾಲ್ಕು ವರ್ಷ ಮುಂದೆ!

ಆದರೆ ಈ ಪದದ ವಿಚಾರವಾಗಿ ನನ್ನದೊಂದು ತಕರಾರಿದೆ. ಬಂಗಾಳಿಯಲ್ಲಿ ಸೆಕ್ಯುಲರ್ ಅಂದರೆ ‘ಧರ್ಮನಿರಪೇಕ್ಷ’. ಕನ್ನಡದಲ್ಲಿ ನಾವು ಅದನ್ನೂ ಅಂತೀವಿ, ಭಾಷಣ ಮಾಡುವಾಗ ‘ಜಾತ್ಯತೀತ’ ಅಂತಲೂ ಅಂತೀವಿ. ಜಾತಿಯನ್ನು ಮೀರಿದ್ದು! ಯಾರು ಈ ತರ್ಜುಮೆ ಮಾಡಿದರೋ, ಬಾಯಿತಪ್ಪಿ ನಿಜ ಹೇಳಿಬಿಟ್ಟಿದ್ದಾರೆ. ಧರ್ಮವನ್ನು ಪಕ್ಕಕ್ಕಿಟ್ಟರೆ ಸಾಲದು, ಜಾತಿಯನ್ನು ಮೀರಬೇಕು. ಈ ಕನ್ನಡದ ಪದವನ್ನು ಹಿಡಿದು ಅಳೆದರೆ ಬಾಂಗ್ಲಾದೇಶವೂ ಗೆಲ್ಲಲ್ಲ, ನಾವೂ ಗೆಲ್ಲಲ್ಲ.

ಮೊದಲನೇ ಪೆಟ್ಟು ಆ 1972ರಲ್ಲೇ ಬಿತ್ತು. ಎಲ್ಲ ನಾಗರಿಕರೂ ‘ಬಂಗಾಳಿಗಳು’ ಎಂದು ಬರೆಯಹೊರಟಾಗ ಚಿತ್ತಗಾಂಗ್ ಬೆಟ್ಟಗಳ ಚಾಕ್ಮಾ ಪ್ರತಿನಿಧಿ ಮಾನವೇಂದ್ರ ನಾರಾಯಣ ಲಾರ್ಮಾ ಎದ್ದುನಿಂತರು. ನಾನು ಚಾಕ್ಮಾ, ಬಂಗಾಳಿಯಲ್ಲ. ಈ ದೇಶದ ಪ್ರಜೆಯಾಗುತ್ತೇನೆ, ಬಂಗಾಳಿ ಹೇಗಾಗಲಿ ಎಂದು ವಾದಿಸಿದರು. ಸಭೆ ಕೇಳಲಿಲ್ಲ. ಬೆಟ್ಟದಲ್ಲಿ ಎರಡು ದಶಕ ಬಂದೂಕಿನ ಸದ್ದು ಕೇಳಿತು, ಒಪ್ಪಂದವಾದದ್ದು 1997ರಲ್ಲಿ. ಇನ್ನೊಂದು ಕಡೆ ಉರ್ದು ಮಾತಾಡುವ ಬಿಹಾರಿ ಮುಸಲ್ಮಾನರು. ಅವರಲ್ಲಿ ಹಲವರು ಪಾಕಿಸ್ತಾನಿ ಸೈನ್ಯದ ಜತೆ ನಿಂತಿದ್ದರು, ನಿಜ. ಆದರೆ ಶಿಕ್ಷೆ ಹಸುಗೂಸುಗಳಿಗೂ ಆಯಿತು. ಢಾಕಾದ ಜಿನೀವಾ ಕ್ಯಾಂಪಿನಂಥ ಇಕ್ಕಟ್ಟಿನ ಶಿಬಿರಗಳಲ್ಲಿ ತಲೆಮಾರು ಕಳೆಯಿತು. 1971ರಲ್ಲಿ ಮಕ್ಕಳಾಗಿದ್ದವರನ್ನು, ಆಮೇಲೆ ಹುಟ್ಟಿದವರನ್ನು ಹೈಕೋರ್ಟು ನಾಗರಿಕರೆಂದು ಒಪ್ಪಿದ್ದು 2008ರಲ್ಲಿ. ಇವರು ಮುಸಲ್ಮಾನರೇ. ಧರ್ಮ ಇದ್ದೂ ಭಾಷೆ ಇಲ್ಲದವರು.

ಭಾಷೆಯ ದೇಶ ಧರ್ಮದ ದೇಶಕ್ಕಿಂತ ದೊಡ್ಡ ಮನಸ್ಸಿನದು ಅಂತ ನಂಬುವ ಕನ್ನಡಿಗರಿಗೆ ಒಂದು ನೆನಪು. 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದರು. ಕನ್ನಡಾಂಬೆಗೆ ಅವಮಾನವಾಯಿತೆಂದು ಬೀದಿಗಿಳಿದವರ ಕೈಯಲ್ಲಿ ಪೆಟ್ಟು ತಿಂದವರು ದಲಿತ ವಿದ್ಯಾರ್ಥಿಗಳು. ಮಂತ್ರಿ ಪದವಿ ಹೋಯಿತು. ಆ ಹುಡುಗರ ಮನೆಮಾತು ಏನು, ಪರ್ಶಿಯನ್ನೇ? ಕನ್ನಡವೇ. ಆದರೂ ಅವತ್ತು ಅವರು ಕನ್ನಡಿಗರಾಗಿರಲಿಲ್ಲ. ನಾನು ಹುಟ್ಟುವ ಮುಂಚಿನ ಮಾತು ಇದು. ಆದರೆ ಲಾರ್ಮಾ ಎದ್ದುನಿಂತದ್ದನ್ನು ಓದುವಾಗ ನನ್ನ ಬೆನ್ನು ಚುರುಗುಟ್ಟಿದ್ದು ಇದೇ ಕಾರಣಕ್ಕೆ.

ಎರಡನೇ ಪೆಟ್ಟು ಸೈನ್ಯದ ಬೂಟಿನಿಂದ. 1975ರಲ್ಲಿ ಶೇಖ್ ಮುಜೀಬರನ್ನು ಮನೆಯವರ ಸಮೇತ ಕೊಂದರು. 1977ರಲ್ಲಿ ಜನರಲ್ ಜಿಯಾವುರ್ ರಹಮಾನ್ ಒಂದು ಫರ್ಮಾನಿನಲ್ಲಿ ಧರ್ಮನಿರಪೇಕ್ಷತೆಯ ಕಂಬ ಕಿತ್ತುಹಾಕಿದ. 1987ರ ನವೆಂಬರ್ 10ರಂದು ಜನರಲ್ ಇರ್ಷಾದನ ವಿರುದ್ಧ ಬರಿಮೈ ಮೇಲೆ ಪ್ರಜಾಪ್ರಭುತ್ವದ ಘೋಷಣೆ ಬರೆದುಕೊಂಡು ಬಂದ ನೂರ್ ಹುಸೇನ್ ಎಂಬ ಬಡವರ ಹುಡುಗ ಗುಂಡಿಗೆ ಬಿದ್ದ. 1988ರ ಜೂನಿನಲ್ಲಿ ಅದೇ ಇರ್ಷಾದ್ ಇಸ್ಲಾಮನ್ನು ರಾಜ್ಯಧರ್ಮ ಮಾಡಿದ. ಜನ ಇದನ್ನು ಕೇಳಿದ್ದರೆ? ಇಲ್ಲ. ಕುರ್ಚಿ ಅಲ್ಲಾಡುತ್ತಿತ್ತು, ಅದರ ಕಾಲಿಗೆ ದೇವರನ್ನು ಒತ್ತುಗೊಟ್ಟ. ಕವಯಿತ್ರಿ ಸೂಫಿಯಾ ಕಮಾಲ್ ಸೇರಿ ಹದಿನೈದು ಜನ ಅದೇ ವರ್ಷ ಕೋರ್ಟಿಗೆ ಹೋದರು. ಆ ಅರ್ಜಿ 2016ರಲ್ಲಿ ವಜಾ ಆಯಿತು. ಇಪ್ಪತ್ತೆಂಟು ವರ್ಷ! ಅಷ್ಟರಲ್ಲಿ ಕವಯಿತ್ರಿಯೂ ತೀರಿಹೋಗಿದ್ದರು.

2011ರಲ್ಲಿ ಶೇಖ್ ಹಸೀನಾ ಸರ್ಕಾರ ಧರ್ಮನಿರಪೇಕ್ಷತೆಯನ್ನು ವಾಪಸು ತಂದಿತು, ರಾಜ್ಯಧರ್ಮವನ್ನೂ ಇಟ್ಟುಕೊಂಡಿತು. ಒಂದೇ ಪುಸ್ತಕದಲ್ಲಿ ಎರಡೂ. ಆಮೇಲೆ ಅದೇ ಸರ್ಕಾರ 2024ರಲ್ಲಿ ಮುಷ್ಕರ ಹೂಡಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿ, ಆಗಸ್ಟ್ 5ರಂದು ಬಿತ್ತು. ಅದು ಬಿದ್ದ ಮೇಲೆ ಹಿಂದೂಗಳ ಮನೆ, ಸೂಫಿಗಳ ದರ್ಗಾ ಹಲವು ಕಡೆ ದಾಳಿಗೆ ಸಿಕ್ಕವು. 2025ರ ಜನವರಿಯಲ್ಲಿ ಸುಧಾರಣಾ ಆಯೋಗವೊಂದು ಧರ್ಮನಿರಪೇಕ್ಷತೆ ತೆಗೆದು ‘ಬಹುತ್ವ’ ಹಾಕಿ ಎಂದು ಶಿಫಾರಸು ಮಾಡಿತು. ಪದ ಬರುತ್ತದೆ, ಪದ ಹೋಗುತ್ತದೆ. ಈ ನಡುವೆ 2024ರ ಜೂನಿನಲ್ಲಿ, ಧರ್ಮನಿರಪೇಕ್ಷತೆಯ ಪದ ಸಂವಿಧಾನದಲ್ಲಿ ಇನ್ನೂ ಇದ್ದಾಗಲೇ, ಹಳೇ ಢಾಕಾದ ಮಿರನ್‌ಜಿಲ್ಲಾ ಹರಿಜನ ಕಾಲೋನಿಗೆ ನಗರಸಭೆಯ ಬುಲ್ಡೋಜರ್ ನುಗ್ಗಿತು. ಬ್ರಿಟಿಷರ ಕಾಲದಲ್ಲಿ ಗುಡಿಸಲು ತಂದಿಟ್ಟ ಜನರ ಮೊಮ್ಮಕ್ಕಳು ಅವರು. ಢಾಕಾ ಗುಡಿಸುವವರಲ್ಲಿ ಕಾನ್ಪುರದ ಕಡೆಯವರಿದ್ದಾರೆ, ಮನೆಯಲ್ಲಿ ಇವತ್ತಿಗೂ ತೆಲುಗು ಮಾತಾಡುವವರಿದ್ದಾರೆ. ನಮ್ಮ ಗಡಿಯ ಕೇರಿಗಳಲ್ಲಿ ಕೇಳುವ ತೆಲುಗು! ಬ್ರಿಟಿಷರು ಹೋದರು, ಪಾಕಿಸ್ತಾನ ಹೋಯಿತು, ನಾಲ್ಕು ಕಂಬ ಎದ್ದವು ಬಿದ್ದವು. ಪೊರಕೆ ಅದೇ ಕೈಯಲ್ಲಿದೆ.

ಹಾಗಾದರೆ ತಪ್ಪು ಇಸ್ಲಾಮಿನದೇ? ಆಫ್ರಿಕಾದ ಸೆನೆಗಲ್ ನೋಡಿ. ಬಹುಪಾಲು ಮುಸಲ್ಮಾನರ ದೇಶ. 1960ರಲ್ಲಿ ಅದರ ಮೊದಲ ಅಧ್ಯಕ್ಷನಾದವನು ಕ್ರೈಸ್ತ ಕವಿ ಸೆಂಗೋರ್. ಸೂಫಿ ಗುರುಗಳ ಬೆಂಬಲದಿಂದಲೇ ಇಪ್ಪತ್ತು ವರ್ಷ ಕುರ್ಚಿಯಲ್ಲಿದ್ದು ತಾನಾಗಿ ಇಳಿದ. ಹಾಗಾದರೆ ಧರ್ಮವನ್ನು ಗಟ್ಟಿಯಾಗಿ ಹೊರಗಿಟ್ಟರೆ ಸಾಕೇ? ತುರ್ಕಿ ನೋಡಿ. 1937ರಲ್ಲೇ ಸಂವಿಧಾನಕ್ಕೆ ಆ ಪದ ಹಾಕಿತು. 1932ರಿಂದ 1950ರವರೆಗೆ ಬಾಂಗನ್ನೂ ತುರ್ಕಿ ಭಾಷೆಯಲ್ಲೇ ಕೂಗಿಸಿತು. ಅದೇ ದೇಶದಲ್ಲಿ ಕುರ್ದ್ ಜನಕ್ಕೆ ತಮ್ಮ ಮಾತನ್ನಾಡಲೂ ಎಷ್ಟೋ ವರ್ಷ ಬಿಡಲಿಲ್ಲ. ಧರ್ಮ ಇಟ್ಟರೆ ಕೆಟ್ಟಿತು, ತೆಗೆದರೆ ಉದ್ಧಾರವಾಯಿತು ಅನ್ನುವ ಲೆಕ್ಕ ಕೂಡಲ್ಲ. “ನಾವೆಲ್ಲ ಒಂದೇ” ಅಂತ ಕೂಗುವ ಯಾವ ದೇಶವನ್ನಾದರೂ ಕೆಳಗಿನಿಂದ ನೋಡಬೇಕು. ಕೆಳಗೆ ಬಿದ್ದವನಿಗೆ ಎಷ್ಟು ಜಾಗ ಕೊಟ್ಟಿತು?

ನನ್ನ ಅಳತೆಗೋಲು ಆರಡಿ ಮೂರಡಿ.

ಮಂಡಲರ ಬಾರಿಸಾಲಿನಲ್ಲೇ ಆರಜ್ ಅಲಿ ಮಾತುಬ್ಬರ್ ಎಂಬ ರೈತನಿದ್ದ. 1900ರಲ್ಲಿ ಹುಟ್ಟಿದವನು. ಸಣ್ಣವನಿದ್ದಾಗಲೇ ಅಪ್ಪ ಸತ್ತು, ಕಂದಾಯ ಕಟ್ಟಲಾಗದೆ ಜಮೀನು ಹರಾಜಾಯಿತು. ತಾಯಿ ಕೂಲಿ ಮಾಡಿ ಸಾಕಿದಳು. 1932ರಲ್ಲಿ ಆಕೆ ಸತ್ತಾಗ, ನೆನಪಿಗಿರಲಿ ಅಂತ ಮಗ ಫೋಟೋ ತೆಗೆಸಿದ. ಫೋಟೋ ತೆಗೆದದ್ದು ಪಾಪ ಅಂತ ಊರ ಮುಲ್ಲಾಗಳು ಜನಾಜಾ ನಮಾಜಿಗೆ ಬರಲಿಲ್ಲ. ಮಗ ನಾಲ್ಕು ಜನರೊಂದಿಗೆ ತಾನೇ ಮಣ್ಣು ಮಾಡಿದ. ಪಾಪ ಮಾಡಿದ್ದರೆ ನಾನು ಮಾಡಿದ್ದು, ನನ್ನವ್ವ ಏನು ಮಾಡಿದ್ದಳು? ಆ ಪ್ರಶ್ನೆ ಅವನನ್ನು ಜನ್ಮಪೂರ್ತಿ ಓದಿಸಿತು. ಉಳುಮೆ ಮಾಡುತ್ತ, ಜಮೀನು ಅಳೆಯುತ್ತ ಓದಿದ. ಬರೆದದ್ದನ್ನು ಪಾಕಿಸ್ತಾನದ ಕಾಲದಲ್ಲಿ ಅಚ್ಚು ಹಾಕಿಸಲಾಗಲಿಲ್ಲ. ‘ಸತ್ಯೇರ್ ಸಂಧಾನ್’ ಹೊರಬಂದದ್ದು 1973ರಲ್ಲಿ. ಊರಿನಲ್ಲಿ ಲೈಬ್ರರಿ ಕಟ್ಟಿಸಿದ. 1985ರಲ್ಲಿ ಸಾಯುವಾಗ ತನ್ನ ಹೆಣವನ್ನು ಬಾರಿಸಾಲಿನ ಮೆಡಿಕಲ್ ಕಾಲೇಜಿಗೆ ಬರೆದಿಟ್ಟಿದ್ದ. ಯಾರ ಆರಡಿ ಮೂರಡಿಯೂ ಅವನಿಗೆ ಬೇಕಾಗಲಿಲ್ಲ.

ಪಾಕಿಸ್ತಾನದ ಬಗ್ಗೆ ಬರೆದ ಪುಸ್ತಕದಲ್ಲಿ ಬಾಬಾಸಾಹೇಬರು 1901ರ ಬಂಗಾಳದ ಜನಗಣತಿ ವರದಿಯನ್ನು ಎತ್ತಿ ತೋರಿಸುತ್ತಾರೆ. ಮುಸಲ್ಮಾನರಲ್ಲೇ ‘ಆರ್ಜಲ್’ ಎನಿಸಿಕೊಂಡವರಿಗೆ, ಹಲಾಲ್‌ಖೋರರಂಥ ಕಸಬಿನವರಿಗೆ, ಮಸೀದಿಯೊಳಗೂ ಪ್ರವೇಶವಿಲ್ಲ, ಸಾರ್ವಜನಿಕ ಖಬರಸ್ತಾನದಲ್ಲೂ ಜಾಗವಿಲ್ಲ ಎಂದಿದೆ ಅಲ್ಲಿ. ಕುರಾನಿನಲ್ಲಿ ಜಾತಿಯಿಲ್ಲ. ಖಬರಸ್ತಾನದಲ್ಲಿತ್ತು. ಮುಸಲ್ಮಾನ ಗೆಳೆಯರು ಈ ಮಾತಿಗೆ ಸಿಟ್ಟಾಗಬಾರದು. ಇದನ್ನು ಬರೆಯುವ ಹಕ್ಕು ನನಗೆ ಹೇಗೆ ಬಂತು ಅಂತ ಹೇಳಿ ಮುಗಿಸುತ್ತೇನೆ.

ನಾನು ಪಿಯುಸಿಯಲ್ಲಿದ್ದಾಗ ನಮ್ಮಜ್ಜಿ ಸತ್ತಳು. ಮಳೆಗಾಲ. ನಮ್ಮ ಕೇರಿಯ ಮಸಣಕ್ಕೆ ದಾರಿ ಒಬ್ಬರ ಹೊಲದ ಬದುವಿನ ಮೇಲೆ. ಆ ವರ್ಷ ಅವರು ಮುಳ್ಳುತಂತಿ ಬಿಗಿದಿದ್ದರು. “ರಾಗಿ ಪೈರೈತೆ, ಹೆಣ ಹೊತ್ಕೊಂಡು ತುಳೀಬ್ಯಾಡಿ” ಅಂದರು. ನಮ್ಮಪ್ಪ ಕೈ ಮುಗಿದ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಉಳಿದದ್ದು ಒಂದೇ ದಾರಿ, ಖಬರಸ್ತಾನದೊಳಗಿಂದ ಹಾಯ್ದು, ಹಿಂದಿನ ಕುಸಿದ ಗೋಡೆ ದಾಟಿದರೆ ನಮ್ಮ ಮಸಣ. ಪಂಚರ್ ಅಂಗಡಿಯ ಗೆಳೆಯನ ತಂದೆ ತಾವೇ ಹೋಗಿ ಬೀಗದ ಕೈ ಕೇಳಿದರು. ಅಲ್ಲಿನ ಹಿರೀಕರಲ್ಲಿ ಕೆಲವರು ಹಿಂದೆಮುಂದೆ ನೋಡಿದರು. ಒಬ್ಬರಂತೂ “ಅವರ ಹೆಣ ನಮ್ಮ ಖಬರಗಳ ನಡುವೆ ಹೆಂಗೆ?” ಅಂದರಂತೆ. ಎರಡು ಗಂಟೆ ಜಗಳ. ಚಟ್ಟ ಮಳೆಯಲ್ಲಿ ನೆನೆಯುತ್ತಿತ್ತು. ಕೊನೆಗೆ ಆ ಮನುಷ್ಯ ಬೀಗ ಕಸಿದುಕೊಂಡು ಬಂದು ಗೇಟು ತೆಗೆದರು. “ನಡೀರಿ, ನಡೀರಿ” ಅಂತ ಮುಂದೆ ತಾವೇ ನಡೆದರು. ಚಟ್ಟಕ್ಕೆ ಹೆಗಲೂ ಕೊಟ್ಟರು. ಆಮೇಲೆ ಆರು ತಿಂಗಳು ಅವರ ಜಮಾತಿನ ಕೆಲವರು ಅವರ ಜತೆ ಸರಿಯಾಗಿ ಮಾತಾಡಲಿಲ್ಲ. ಅವರು ಅದನ್ನು ನಮಗೆ ಹೇಳಲೂ ಇಲ್ಲ. ಗೆಳೆಯ ಹೇಳಿದ್ದು, ಅವರು ತೀರಿಹೋದ ಮೇಲೆ.

ಅವರು ಮೊದಲು ಮುಸಲ್ಮಾನರೋ, ಮೊದಲು ಭಾರತೀಯರೋ? ಗೊತ್ತಿಲ್ಲ. ಜಾತ್ಯತೀತ ಅನ್ನುವ ಪದ ಅವರು ಕೇಳಿದ್ದರೋ ಇಲ್ಲವೋ. ಅವತ್ತು ಮಳೆಯಲ್ಲಿ, ನಮ್ಮಜ್ಜಿಯ ಹೆಣ ಹಾಯುವಷ್ಟು ಅಗಲಕ್ಕೆ, ಅವರು ಒಂದು ದೇಶದ ಬಾಗಿಲು ತೆಗೆದಿದ್ದರು. ಕರಾಚಿಯಲ್ಲಿ, ಢಾಕಾದಲ್ಲಿ, ದೆಹಲಿಯಲ್ಲಿ ಬರೆದ ದೇಶಗಳು ಅಷ್ಟು ಅಗಲ ಆಗಲಿ ಅನ್ನುವುದೇ ನನ್ನ ಬೇಡಿಕೆ.

ಮುಳ್ಳುತಂತಿ ಇನ್ನೂ ಹಾಗೇ ಇದೆ. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಅರ್ಜಿಯ ಕೆಳಗೆ ನಮ್ಮ ಕೇರಿಯವರ ಜತೆ ಪಂಚರ್ ಅಂಗಡಿಯವನ ಸಹಿಯೂ ಇದೆ.